ಟೈಲರಣ್ಣ ಕೊನೆಯದಾಗಿ ಹೊಲಿದ ರವಿಕೆ

ಮೊನ್ನೆ ಟ್ರಂಕು ತೆಗೆದಾಗ ನುಸಿಗುಳಿಗೆಯ ವಾಸನೆಯ ಜೊತೆಗೇ ಆ ಹಸಿರು ರವಿಕೆ ಕೈಗೆ ಬಂತು. ಬಲತೋಳು ಸರಿಯಾಗಿದೆ. ಎಡತೋಳಿನ ಬಟ್ಟೆ ಮಾತ್ರ ಒಳಮಗ್ಗುಲು ಹೊರಗಾಗಿ ಕೂತಿದೆ. ಒಂದು ದಿನವೂ ತೊಟ್ಟಿಲ್ಲ... ನಮ್ಮ ಟೈಲರಣ್ಣ ಕೊನೆಯದಾಗಿ ಹೊಲಿದದ್ದು ಇದನ್ನೇ.

ಮಧುಗಿರಿಯಲ್ಲಿ ನಮ್ಮ ಪಕ್ಕದ ಮನೆಯವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕೈ ಒಳ್ಳೆಯದು, ಚಟ ಕೆಟ್ಟದ್ದು. ಹೊಟ್ಟೆಯಲ್ಲಿ ನೀರು ತುಂಬಿ, ಲಿವರ್ ಗಟ್ಟಿಯಾಗಿದೆ ಎಂದು ಡಾಕ್ಟರು ಹೇಳಿದ ಮೇಲೆ ಹೆಂಡತಿ ಕರ್ಪೂರ ಹಚ್ಚಿ ಆಣೆ ಮಾಡಿಸಿದಳು. ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ, ಅವನು ಕುಡಿತ ಬಿಟ್ಟ. ನಿಜವಾಗಿಯೂ ಬಿಟ್ಟ.

ಬಿಟ್ಟ ಮೇಲೆ ಒಂಟಿಯಾದ. ಕುಡಿಯುವ ಗೆಳೆಯರು ಇತ್ತ ತಲೆ ಹಾಕಲಿಲ್ಲ. ಕುಡಿಯದವರು ನಂಬಲಿಲ್ಲ, ಹುಟ್ಟುಗುಣ ಸುಟ್ಟರೂ ಹೋಗದು ಎಂದು ಎದುರಿಗೇ ಆಡಿಕೊಂಡರು. ಉಪ್ಪಿಲ್ಲದ ಸಾರಿನಲ್ಲಿ ಮುದ್ದೆ ನುಂಗಿ, ಮೆಷಿನ್ನಿನ ಮುಂದೆ ಕೂತು ಬೀದಿ ನೋಡುತ್ತಿದ್ದ. ನಾನು ಬಟ್ಟೆ ಒಣಗಿಸಲು ಬಂದರೆ ಸಾಕು, "ಇವತ್ತೂ ಮುಟ್ಟಿಲ್ಲ ಕಣಮ್ಮ" ಎನ್ನುತ್ತಿದ್ದ. "ಗೊತ್ತು ಬುಡಣ್ಣ" ಎನ್ನುತ್ತಿದ್ದೆ. ಯಾರಾದರೂ ಒಬ್ಬರು ನಂಬಿದರೆ ಸಾಕಿತ್ತು ಅವನಿಗೆ.

ಅವನು ರವಿಕೆ ತಂದುಕೊಟ್ಟ ದಿನ ನಾನು ಬರಗೂರಿನ ತವರಿನಲ್ಲಿದ್ದೆ. ಆಮೇಲಿನದ್ದೆಲ್ಲ ನಮ್ಮ ಅತ್ತೆ ಹೇಳಿದ್ದು. ಕಾಲು ತೊಡರುತ್ತಿತ್ತಂತೆ, ಮಾತು ತೊದಲುತ್ತಿತ್ತಂತೆ, ಬಾಯಲ್ಲಿ ಕೊಳೆತ ಸೀತಾಫಲದಂಥ ಸಿಹಿ ನಾತ. ಜಗಲಿಯಲ್ಲಿ ಕೂತವರು ತಿರುಗಿದ ತೋಳು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಂಡತಿ ಹೊರಗೆ ಬಂದವಳೇ, "ಕರ್ಪೂರ ಆರ್ಸಿ ಕೊಟ್ಟ ಮಾತ್ನೂ ತಿಂದ್ಬುಟ್ಯಲ್ಲಾ!" ಎಂದು ಚೀರಿದಳು. "ಮುಟ್ಟಿಲ್ಲ ಕಣೇ..." ಎನ್ನುವಷ್ಟರಲ್ಲಿ ಅವನ ನಾಲಿಗೆ ಹೊರಳದಾಯಿತು. ಹಿಂದೆಲ್ಲ ಮಾಡುತ್ತಿದ್ದಂತೆ ಚಾಪೆ ಹಾಸಿ ಮಲಗಿಸಿದಳು. ಅಮಲು ಇಳಿದ ಮೇಲೆ ಕುಡಿಯಲೆಂದು ನಿಂಬೆಹಣ್ಣಿನ ಪಾನಕವನ್ನೂ ಮಾಡಿಟ್ಟಳು. ದೀಪ ಹಚ್ಚುವ ಹೊತ್ತಾದರೂ ಅವನು ಏಳಲಿಲ್ಲ.

ರಾತ್ರಿ ತುಮಕೂರಿನ ಆಸ್ಪತ್ರೆಗೆ ಹೊತ್ತೊಯ್ದಾಗ ಡಾಕ್ಟರು, ಇದು ಕುಡಿದದ್ದಲ್ಲ ಎಂದರಂತೆ. ಈ ಕಾಯಿಲೆಯಲ್ಲಿ ಕೆಲವರು ರಕ್ತ ಕಾರಿ ಹೋಗುತ್ತಾರೆ, ಕೆಲವರಿಗೆ ಕಿಡ್ನಿ ನಿಲ್ಲುತ್ತದೆ, ಹೊಟ್ಟೆಯ ನೀರಿಗೆ ಸೋಂಕು ತಗುಲಿದರೆ ಅದೂ ಕೊಲ್ಲುತ್ತದೆ. ಇವನಿಗೆ ಲಿವರ್ ತೆಗೆಯಲಾರದ ನಂಜು ತಲೆಗೇರಿತ್ತು. ಆ ನಂಜು ಹೊರಹೋಗಲಿ ಎಂದೇ ಮೊದಲೇ ಭೇದಿಯಾಗುವ ಸಿಹಿ ಸಿರಪ್ಪು ಕೊಟ್ಟಿದ್ದರು. ಹೊಲಿಗೆ ಬಿಟ್ಟು ಮೇಲಿಂದ ಮೇಲೆ ಏಳಬೇಕಲ್ಲ ಎಂದು ಅವನೇ ಅದನ್ನು ನಿಲ್ಲಿಸಿಬಿಟ್ಟಿದ್ದ. ಕೂಡಲೇ ಕರೆತಂದಿದ್ದರೆ ಉಳಿಯುತ್ತಿದ್ದನೋ ಏನೋ... ಅವನಿಗೆ ಎಚ್ಚರವಾಗಲೇ ಇಲ್ಲ.

ತಿಥಿಯ ಊಟಕ್ಕೆ ಬಂದವರೂ, "ಕುಡ್ದು ಸತ್ತ" ಎಂದೇ ಮಾತಾಡಿಕೊಂಡು ಎದ್ದರು. ನನಗೆ ಸಿಟ್ಟು ಬಂತು, ಅಳುವೂ ಬಂತು.

ಅದಾದ ಮೇಲೆ ಒಂದು ದಿನ ಅವನ ಹೆಂಡತಿ ಬಂದು ಆ ರವಿಕೆ ಕೇಳಿದಳು. ಬಿಚ್ಚಿ ಸರಿಮಾಡಿ ಕೊಡುತ್ತಾಳೆ ಎಂದುಕೊಂಡೆ. ಎಡತೋಳಿನ ಮೇಲೆ ಸುಮ್ಮನೆ ಕೈಯಾಡಿಸಿದಳು.

"ಇದ್ನ ಬಿಚ್ಬ್ಯಾಡ ಕಣಮ್ಮ, ಇಂಗೇ ಇರ್ಲಿ. ನಮ್ಮೋನು ಕುಡ್ದಾಗ್ಲೂ ಒಂದು ಹೊಲ್ಗೆ ಕೆಡ್ಸಿರ್ಲಿಲ್ಲ. ಅದು ನಂಗೆ ಆವತ್ತು ಹೊಳೀಲೇ ಇಲ್ವಲ್ಲ..."

ಈಗ ಅವಳು ಸಿರಾದಲ್ಲಿ ಮಗಳ ಮನೆ ಸೇರಿದ್ದಾಳೆ. ಅಂಗಡಿಯಲ್ಲಿ ಯಾರೋ ಮೊಬೈಲ್ ರಿಪೇರಿ ಮಾಡುತ್ತಾರೆ. ರವಿಕೆಯನ್ನು ಮಡಿಸಿ ಟ್ರಂಕಿನಲ್ಲಿಟ್ಟು ಬಟ್ಟೆ ಒಣಗಿಸಲು ಹೊರಗೆ ಬಂದೆ. ಅಭ್ಯಾಸ, ಕಣ್ಣು ಆ ಬಾಗಿಲಿಗೇ ಹೋಯಿತು. "ಗೊತ್ತು ಬುಡಣ್ಣ" ಎನ್ನೋಣವೆಂದರೆ, ಕೇಳಬೇಕಾದವನೇ ಇಲ್ಲ.