ಕಸೂತಿ ಅಕ್ಕೋರ ಎರಡು ಪ್ರದರ್ಶನ

ಥರ್ಮೋಕೋಲಿಗೆ ಹಚ್ಚಿದ ಅಂಟಿನ ವಾಸನೆ ಇನ್ನೂ ಆರಿರಲಿಲ್ಲ. ಈ ಸಲದ ಶಾಲಾ ಪ್ರದರ್ಶನಕ್ಕೆ ವಿಜ್ಞಾನ ಕ್ಲಬ್ಬಿನ ಮಕ್ಕಳು ಒಂದು ಗಾಳಿಯಂತ್ರ ತಂದಿಟ್ಟಿದ್ದರು. ಅದರ ಅಂಚುಗಳು ಎಷ್ಟು ನಯವಾಗಿದ್ದವೆಂದರೆ, ಅದು ಅಂಗಡಿಯಲ್ಲಿ ತಯಾರಾದದ್ದೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಎತ್ತಿ ತಿರುವಿ ನೋಡಿದೆ. ಏನನ್ನೇ ಆಗಲಿ ತಿರುವಿ ನೋಡುವ ಈ ಚಟವನ್ನು ನನಗೆ ಹತ್ತಿಸಿದವರು ನಮ್ಮ ಕಸೂತಿ ಅಕ್ಕೋರು.

ನಾನು ಆಗ ಹಳೇ ಹುಬ್ಬಳ್ಳಿಯ ಈ ಹೈಸ್ಕೂಲಿಗೆ ಹೊಸದಾಗಿ ಬಂದ ವಿಜ್ಞಾನ ಟೀಚರು. ಅಕ್ಕೋರು ಕಸೂತಿ ಕಲಿಸಲು ರಾಯಾಪುರದಿಂದ ಬಸ್ಸಿನಲ್ಲಿ ಶನಿವಾರ ಮಾತ್ರ ಬರುತ್ತಿದ್ದರು. ಐವತ್ತು ದಾಟಿದ ವಯಸ್ಸು, ಸೆರಗಿನ ತುದಿಗೆ ಸದಾ ಚುಚ್ಚಿಕೊಂಡ ಸೂಜಿ, ಮಾತು ಕಡಿಮೆ, ಸಿಟ್ಟು ಜಾಸ್ತಿ. ಹುಡುಗಿಯರು ಅರಿವೆ ತೋರಿಸಲು ಬಂದರೆ ಮುಂಭಾಗ ನೋಡುತ್ತಲೇ ಇರಲಿಲ್ಲ. "ತಿರುವಿ ಹಿಡಿಯವಾ," ಅನ್ನುತ್ತಿದ್ದರು. ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ. ಸೂಜಿ ಹೋದ ದಾರಿಯಲ್ಲೇ ತಿರುಗಿ ಬಂದು, ಬಿಟ್ಟ ಜಾಗವನ್ನು ತುಂಬಬೇಕು. ಸರಿಯಾಗಿ ಹಾಕಿದರೆ ಅರಿವೆಗೆ ಹಿಂದು ಮುಂದೆಂಬುದೇ ಇರುವುದಿಲ್ಲ. ಸ್ಟಾಫ್ ರೂಮಿನಲ್ಲಿ ನಾವು ಚಹದ ಬಶಿ ತೊಳೆದಿಟ್ಟರೂ ಅದನ್ನು ಮಗುಚಿ ತಳ ನೋಡುತ್ತಿದ್ದರು. ನಾವು ನಗುತ್ತಿದ್ದೆವು.

ಶನಿವಾರದ ಕಡೆಯ ಅವಧಿಗೆ ಮಕ್ಕಳು ತಮಗೆ ಬೇಕಾದ ತರಗತಿ ಆರಿಸಿಕೊಳ್ಳಬಹುದಿತ್ತು: ಕಸೂತಿ, ಸಂಗೀತ, ಕೈತೋಟ, ಚಿತ್ರಕಲೆ. ಇವು ಪರೀಕ್ಷೆಗೆ ಬರುವ ವಿಷಯಗಳಲ್ಲ. ಹಾಗಾಗಿ ಯಾವುದು ಚೆನ್ನಾಗಿ ನಡೆದಿದೆ, ಯಾವುದನ್ನು ತಿದ್ದಬೇಕು ಎಂದು ತಿಳಿಯಲು ಶಾಲೆ ತನ್ನದೇ ಒಂದು ಪದ್ಧತಿ ಮಾಡಿಕೊಂಡಿತ್ತು. ಸಂಕ್ರಮಣ ಮುಗಿದ ಮೇಲೆ ಒಂದು ದಿನ ಪ್ರತಿ ತರಗತಿಯವರೂ ತಾವು ಮಾಡಿದ್ದನ್ನು ಪ್ರದರ್ಶಿಸಬೇಕು. ಹೆಡ್‌ಮಾಸ್ತರು, ಇಬ್ಬರು ಹಿರಿಯ ಮಾಸ್ತರರು ಸುತ್ತಿ ನೋಡಿ ಅಂಕ ಕೊಡಬೇಕು. ಎಲ್ಲರಿಗಿಂತ ಕೆಳಗೆ ಬಿದ್ದ ತರಗತಿಯನ್ನು ನಿಲ್ಲಿಸಿ ಬೇರೆಯದನ್ನು ತರಬೇಕು. ಅವರು ಹೇಳಿದ ಅಂಕ ಬರೆದುಕೊಳ್ಳುವುದು ನನ್ನ ಕೆಲಸ.

ಆ ವರ್ಷ ಕಸೂತಿ ಮೇಜಿನ ಮುಂದೆ ಎಲ್ಲರೂ ನಿಂತುಬಿಟ್ಟರು. ಗೋಪುರ, ತುಳಸಿಕಟ್ಟೆ, ಆನೆ, ನವಿಲು... ಒಂದಕ್ಕಿಂತ ಒಂದು ಮೇಲು. ಹೆಡ್‌ಮಾಸ್ತರು ಹಿಗ್ಗಿ ಹೀರೇಕಾಯಿಯಾಗಿ, "ಇದಕ್ಕ ಮೊದಲನೇ ನಂಬರ್ ಬರಕೋರಿ ಟೀಚರ್," ಅಂದರು. ಅಕ್ಕೋರು ಮಾತ್ರ ಒಂದೊಂದೇ ಅರಿವೆಯನ್ನು ತಿರುವುತ್ತಾ ಹೋದರು. ಹಿಂಭಾಗವೂ ಅಷ್ಟೇ ಚೆಂದ. ಅವರ ಮುಖ ನೋಡನೋಡುತ್ತಲೇ ಕಪ್ಪಿಟ್ಟಿತು. ಪಕ್ಕದಲ್ಲಿ ನಿಂತಿದ್ದ ಎಂಟನೆಯ ತರಗತಿಯ ಹುಡುಗಿಗೆ ಸೆರಗಿನ ಸೂಜಿ ಬಿಚ್ಚಿ ಕೊಟ್ಟು, ಒಂದು ಬಿಳಿ ತುಂಡು ಎದುರಿಗಿಟ್ಟು, "ಒಂದು ಸಾಲು ಹಾಕು," ಅಂದರು.

ಹುಡುಗಿ ದಾರ ಪೋಣಿಸಿ, ಮೊಟ್ಟಮೊದಲು ಮಾಡಿದ ಕೆಲಸವೆಂದರೆ ದಾರದ ತುದಿಗೆ ಗಂಟು ಹಾಕಿದ್ದು. ಮುಂದಿನವಳನ್ನು ಕೂರಿಸಿದರು. ಅವಳೂ ಗಂಟೇ ಹಾಕಿದಳು.

"ಸರ್, ಇವು ಹುಡುಗ್ಯಾರು ಮಾಡಿದ್ದಲ್ರಿ," ಅಂದರು ಅಕ್ಕೋರು. "ಮನ್ಯಾಗ ಅವರವ್ವ, ಅವರಜ್ಜಿ ಮಾಡಿಕೊಟ್ಟಾರ. ನಂಬರ್ ಕೊಡಬ್ಯಾಡ್ರಿ."

ನನ್ನ ಕೈಯಲ್ಲಿದ್ದ ಪೆನ್ನು ನಿಂತೇಹೋಯಿತು. ತಮ್ಮ ತರಗತಿಯ ತಲೆಯ ಮೇಲೆ ತಾವೇ ಕಲ್ಲು ಹಾಕಿಕೊಳ್ಳುವವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮೊದಲು ಕೂತಿದ್ದ ಹುಡುಗಿ ತಲೆ ತಗ್ಗಿಸಿಕೊಂಡೇ, "ನೀ ಹಾಕಿದ್ರ ಮಂದಿ ನಗ್ತಾರ ಅಂತ ನಮ್ಮವ್ವ ಅಂದ್ಲರಿ ಅಕ್ಕೋರ," ಅಂದಳು. ಅಕ್ಕೋರು ಬೈಯಲಿಲ್ಲ. ವಾರಕ್ಕೆ ಒಂದೇ ತಾಸು. ಉಳಿದದ್ದನ್ನು ಮನೆಗೆ ಕಳಿಸುತ್ತಿದ್ದದ್ದು ಅವರೇ. ಕಸೂತಿ ಬಲ್ಲ ಮನೆಗಳಿಗೆ ಅರಿವೆ ಹೋದರೆ, ಯಾವ ತಾಯಿ ತಾನೇ ಸುಮ್ಮನಿದ್ದಾಳು?

"ಹನ್ನೊಂದಕ್ಕ ಮಂದಿ ಬರ್ತಾರ, ಈಗ್ಯಾಕ ಇದೆಲ್ಲಾ ಅಕ್ಕೋರ?" ಎಂದು ಹೆಡ್‌ಮಾಸ್ತರು ದನಿ ತಗ್ಗಿಸಿದರು. ಅಷ್ಟರಲ್ಲಿ ಕೈತೋಟದ ಮಾಸ್ತರು ತಮ್ಮ ಮೇಜಿನ ಬದನೆಕಾಯಿ ಬುಟ್ಟಿಯ ಮೇಲೆ ಟವೆಲ್ ಮುಚ್ಚಿದ್ದನ್ನು ನಾನು ನೋಡಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಅಂಥ ಗುಂಡು ಬದನೆಕಾಯಿ ನಮ್ಮ ತೋಟದಲ್ಲಿ ಎಂದೂ ಬಿಟ್ಟಿರಲಿಲ್ಲ.

ಅಕ್ಕೋರು ಕೇಳಿದ್ದು ಇಷ್ಟೇ. "ಒಂದ ವರ್ಷ ಕೊಡ್ರಿ ಸರ್. ಅರಿವಿ ಮನಿಗೆ ಹೋಗಂಗಿಲ್ಲ. ಹುಡುಗ್ಯಾರು ತಾವ ಹಾಕಿದ್ದು ಇಡತೇನಿ." ಹೆಡ್‌ಮಾಸ್ತರು ಒಪ್ಪಿದರು. ಒಪ್ಪಿದ್ದಷ್ಟೇ ಅಲ್ಲ, ಮರುದಿನದ ಸಭೆಯಲ್ಲಿ ಅವರನ್ನು ಬಾಯ್ತುಂಬ ಹೊಗಳಿ, ಇನ್ನು ಯಾವ ತರಗತಿಯವರೂ ಮನೆಯಲ್ಲಿ ಮಾಡಿದ್ದನ್ನು ಪ್ರದರ್ಶನಕ್ಕೆ ತರಕೂಡದೆಂದು ನಿಯಮವನ್ನೇ ಮಾಡಿದರು. ನಮ್ಮ ಶಾಲೆಯ ಬಗ್ಗೆ ಆ ದಿನ ನನಗೆ ಬಹಳ ಹೆಮ್ಮೆಯಾಯಿತು.

ಮುಂದಿನ ವರ್ಷ ಅರ್ಧದಷ್ಟು ಹುಡುಗಿಯರು ಚಿತ್ರಕಲೆಗೆ ಹೋದರು. ಉಳಿದವರು ಉಳಿದರು. ನನಗೆ ಬಿಡುವಿದ್ದಾಗ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ಬಿಚ್ಚುವುದು, ಹಾಕುವುದು, ಮತ್ತೆ ಬಿಚ್ಚುವುದು... ಬೆರಳಿಗೆ ಸೂಜಿ ಚುಚ್ಚಿಸಿಕೊಂಡು ಅಳುವುದು. ದೀಪಾವಳಿ ಹೊತ್ತಿಗೆ ಆ ಎಂಟನೆಯ ತರಗತಿಯ ಹುಡುಗಿ, ಈಗ ಒಂಬತ್ತನೆಯದು, ಗಂಟಿಲ್ಲದೆ ಒಂದು ಸಾಲು ಹೋಗಿ ಬಂದಳು. ಅಕ್ಕೋರು ಅರಿವೆ ತಿರುವಿ ನೋಡಿ, ಅವಳ ಬೆನ್ನ ಮೇಲೆ ಕೈ ಇಟ್ಟರು. ಅಷ್ಟು ಮೆಚ್ಚುಗೆ ಅವರಿಂದ ಬಂದದ್ದನ್ನು ನಾನು ಕಂಡಿರಲಿಲ್ಲ.

ಪ್ರದರ್ಶನದ ದಿನ ಬಂತು. ಗೋಪುರಗಳು ವಾಲಿದ್ದವು. ಆನೆ ಎಮ್ಮೆಯ ಹಾಗಿತ್ತು. ಆದರೆ ಅಷ್ಟೂ ಅವರವೇ. ಸೂಜಿ ಕೊಟ್ಟು ಕೂರಿಸಿದರೆ ಒಬ್ಬಳೂ ಗಂಟು ಹಾಕುತ್ತಿರಲಿಲ್ಲ. ಆದರೆ ಅಂದು ಯಾರೂ ಕೂರಿಸಲಿಲ್ಲ. ಅಂಕ ಕೊಡುವವರು ಹೋದ ವರ್ಷದ ಆ ಮೂವರೇ, ಅಂಕದ ಹಾಳೆಯೂ ಅದೇ: ಅಚ್ಚುಕಟ್ಟು, ಆಕರ್ಷಣೆ, ಬಂದವರ ಅಭಿಪ್ರಾಯ. ಕಸೂತಿ ಎಲ್ಲರಿಗಿಂತ ಕೆಳಗೆ ಬಂತು.

ನನಗೆ ಸಿಡಿಲು ಬಡಿದ ಹಾಗಾಯಿತು. ಹೋದ ವರ್ಷ ಅಕ್ಕೋರನ್ನು ಹೊಗಳಿದ್ದು ಹೆಡ್‌ಮಾಸ್ತರ ಇದೇ ಬಾಯಿ ತಾನೇ? "ಸರ್, ಹೋದ ವರ್ಷ ಈ ಹುಡುಗ್ಯಾರಿಗೆ ಏನೂ ಬರತಿದ್ದಿಲ್ಲ, ಈಗ ಬರತೈತಿ. ಇದಕ್ಕ ಅಂಕ ಇಲ್ಲೇನ್ರಿ?" ಎಂದು ವಾದಕ್ಕಿಳಿದೆ. ಹೆಡ್‌ಮಾಸ್ತರು ಹಾಳೆಯ ಮೇಲೆ ಬೆರಳಿಟ್ಟು ಮೇಲಿಂದ ಕೆಳಗೆ ನೋಡಿದರು. "ಖರೇ ಐತ್ರಿ ಟೀಚರ್. ಆದ್ರ ಅದನ್ನ ಬರಿಯಾಕ ಇದರಾಗ ಜಾಗಾ ಇಲ್ಲ," ಅಂದರು. ಕೆಟ್ಟ ಮನುಷ್ಯರಾಗಿದ್ದರೆ ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಅವರು ಕೆಟ್ಟವರಲ್ಲ. ತರಗತಿ ಮುಚ್ಚಿತು. ಆ ಜಾಗಕ್ಕೆ ಇಂಗ್ಲಿಷ್ ಮಾತಾಡುವ ತರಗತಿ ಬಂತು.

ಬಸ್ ಸ್ಟಾಪಿನವರೆಗೆ ಅಕ್ಕೋರ ಜೊತೆ ನಡೆದುಹೋದೆ. ಅತ್ತವಳು ನಾನು, ಸಮಾಧಾನ ಹೇಳಿದವರು ಅವರು.

"ಹೋಗ್ಲಿ ಬಿಡವಾ ತಂಗಿ. ಮುಂದಿನ ವರ್ಷ ಆ ಆನಿ ಆನಿಯಂಗ ಕಾಣತಿತ್ತು."

ಆಮೇಲೆ ಅವರನ್ನು ನೋಡಲಿಲ್ಲ... ಹಬ್ಬಕ್ಕೆ ಹೋಗಬೇಕು, ರಜೆಯಲ್ಲಿ ಹೋಗಬೇಕು ಎಂದುಕೊಳ್ಳುತ್ತಲೇ ವರ್ಷಗಳು ಉರುಳಿದವು.

ಈಗ ಹೆಡ್‌ಮಾಸ್ತರ ಕುರ್ಚಿಯಲ್ಲಿ ನಾನಿದ್ದೇನೆ. ಆ ಗಾಳಿಯಂತ್ರ ನೋಡಿದ ವಾರವೇ ಅಂಕದ ಹಾಳೆಯನ್ನು ತೆಗೆದುಹಾಕಿದೆ. ಇನ್ನು ಮಕ್ಕಳು ನಮ್ಮೆದುರೇ ಕೂತು ಮಾಡಿ ತೋರಿಸಬೇಕು. ಜೂನ್‌ನಲ್ಲಿ ಎಷ್ಟು ಬರುತ್ತಿತ್ತು, ಈಗ ಎಷ್ಟು ಬರುತ್ತದೆ ಎಂಬುದನ್ನು ನಾವು ನೋಡಬೇಕು. ಸಹೋದ್ಯೋಗಿಗಳು ಗೊಣಗಿಕೊಂಡೇ ಒಪ್ಪಿದರು. ಕಸೂತಿ ತರಗತಿಯನ್ನು ಮತ್ತೆ ಶುರು ಮಾಡಿಸಿ, ಅಕ್ಕೋರನ್ನೇ ಕರೆದು ತರೋಣ ಅಂತ ರವಿವಾರ ರಾಯಾಪುರಕ್ಕೆ ಹೋದೆ.

ಬಾಗಿಲು ತೆರೆದವಳು ಸೊಸೆ. ಅಕ್ಕೋರು ಹೋದ ಶ್ರಾವಣದಲ್ಲಿ ತೀರಿಕೊಂಡಿದ್ದರು. ಆಕೆ ಹಾಕಿಕೊಟ್ಟ ಕುರ್ಚಿಯಲ್ಲಿ ಕೂತೆ. ಅವರು ನಮ್ಮ ಶಾಲೆಯಲ್ಲಿ ಕಸೂತಿ ಕಲಿಸುತ್ತಿದ್ದರು, ಅದಕ್ಕೇ ಬಂದೆ ಅಂದೆ. ಆಕೆ ಗಲಿಬಿಲಿಯಿಂದ ನನ್ನನ್ನೇ ನೋಡಿದಳು.

"ನೀವು ಮನಿ ತಪ್ಪಿ ಬಂದೀರಿ ಅನಸ್ತೈತ್ರಿ. ನಮ್ಮತ್ತಿಯಾರು ಯಾವ ಸಾಲ್ಯಾಗೂ ಕಲಿಸಿಲ್ರಿ. ನಾ ಈ ಮನಿಗೆ ಬಂದಾಗಿಂದ ಅವರು ಸೂಜಿ ಹಿಡದಿದ್ದು ಸೈತ ನೋಡಿಲ್ಲ."

ಗೋಡೆಯ ಮೇಲೆ ಮಾಲೆ ಹಾಕಿದ ಅಕ್ಕೋರ ಫೋಟೋ ಇತ್ತು. ಮನೆ ತಪ್ಪಿರಲಿಲ್ಲ; ನಮ್ಮ ತರಗತಿ ಮುಚ್ಚಿದ ಮೇಲೆ ಈ ಮನೆಗೆ ಬಂದವಳಿಗೆ ಅಕ್ಕೋರು ಅದನ್ನು ಹೇಳಿಯೇ ಇರಲಿಲ್ಲ.

"ಇಲ್ಲವಾ, ಕಲಿಸ್ತಿದ್ರು," ಅಂದೆ. "ಭಾಳ ಛಲೋ ಕಲಿಸ್ತಿದ್ರು."

ಆಕೆ ಒಳಗೆ ಹೋಗಿ ಗ್ಯಾಸ್ ಆರಿಸಿ ಬಂದು ನನ್ನೆದುರು ನೆಲದ ಮೇಲೆ ಕೂತಳು. "ಹೇಳ್ರಿ," ಅಂದಳು. ಸೆರಗಿನ ತುದಿಗೆ ಅವರು ಸದಾ ಚುಚ್ಚಿಕೊಳ್ಳುತ್ತಿದ್ದ ಸೂಜಿಯಿಂದ ಶುರು ಮಾಡಿದೆ.