ಅಜ್ಜಿ ಮೆಟ್ಟದ ಚಪ್ಪಲಿ

ಹೊಸ ರಬ್ಬರಿನ ವಾಸನೆ ನನಗೆ ಆಗಿಬರುವುದಿಲ್ಲ. ಆದರೆ ನನ್ನ ಅನ್ನ ಇರುವುದೇ ಅದರ ಜೊತೆ. ಹನೂರಿನ ಸರ್ಕಾರಿ ಆರೋಗ್ಯ ಕಚೇರಿಯೊಂದರಲ್ಲಿ ದಾಸ್ತಾನು ನೋಡಿಕೊಳ್ಳುವವಳು ನಾನು. ಕುಷ್ಠರೋಗ ವಾಸಿಯಾದರೂ ಪಾದಗಳಿಗೆ ಸ್ಪರ್ಶ ಮರಳದವರಿಗೆ ಸರ್ಕಾರ ಪುಕ್ಕಟೆ ಕೊಡುವ ಚಪ್ಪಲಿಗಳು ರಟ್ಟಿನ ಪೆಟ್ಟಿಗೆಗಳಲ್ಲಿ ಬರುತ್ತವೆ. ಪೆಟ್ಟಿಗೆ ಬಿಚ್ಚಿದ ಕೂಡಲೇ ಆ ವಾಸನೆ ಮುಖಕ್ಕೆ ಹೊಡೆಯುತ್ತದೆ. ಕೋಣೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೆ ಕೆಲಸ ಬಿಟ್ಟು ಸುಮ್ಮನೆ ಕೂತುಬಿಡುತ್ತೇನೆ. ಕೌದಳ್ಳಿಯ ಅಂಗಡಿಸಾಲಿನ ಹಿಂದಿದ್ದ ನಾಡಹೆಂಚಿನ ಮನೆ, ಅದರ ಹಿತ್ತಲ ಜಗಲಿ, ಅಲ್ಲಿ ಕಾಲು ಚಾಚಿ ಕೂತ ನನ್ನ ಅಜ್ಜಿ, ಎಲ್ಲ ಕಣ್ಣಿಗೆ ಕಟ್ಟುತ್ತದೆ. ಆ ಮನೆ ಈಗಿಲ್ಲ. ಸೋದರಮಾವ ತೀರಿಕೊಂಡ ಮೇಲೆ ಅತ್ತೆ ತನ್ನ ತವರಿಗೆ ಹೋದಳು, ಜಾಗ ಕೊಂಡವರು ಗೋಡೆ ಕೆಡವಿ ಗೋದಾಮು ಕಟ್ಟಿದರು. ಅಲ್ಲೊಂದು ಒಲೆ ಉರಿಯುತ್ತಿತ್ತು ಎಂದು ಹೇಳಿಕೊಳ್ಳಲು ನನಗೀಗ ಆ ಬೀದಿಯಲ್ಲಿ ಯಾರೂ ಇಲ್ಲ. ನಿಮಗೂ ಇಂಥ ಒಂದು ಮನೆ ಇದ್ದು ಹೋಗಿದ್ದರೆ ಈ ಮಾತು ಅರ್ಥವಾದೀತು.

ಅವ್ವ ನನ್ನನ್ನು ಹೆತ್ತು ಹೆಚ್ಚು ದಿನ ಉಳಿಯಲಿಲ್ಲವಂತೆ. ನಾನು ಬೆಳೆದದ್ದು ಅವ್ವನ ತವರಿನಲ್ಲಿ, ಅಜ್ಜಿಯ ಮಡಿಲಲ್ಲಿ. ಮಾವ, ಅತ್ತೆ ಬೆಳಿಗ್ಗೆಯೇ ಹೊಲಕ್ಕೆ ಹೋದರೆ ಮನೆಯಲ್ಲಿ ಉಳಿಯುತ್ತಿದ್ದವರು ನಾವಿಬ್ಬರೇ. ಹುಣಸೆಯ ಕಾಲದಲ್ಲಿ ಅಜ್ಜಿ ಜಗಲಿಯಲ್ಲಿ ಕೂತು ಹಣ್ಣು ಕುಟ್ಟಿ ಬೀಜ ಬಿಡಿಸುವಳು. ಮನೆಯೆಲ್ಲ ಹುಳಿ ಘಮಲು, ನನ್ನ ಬಾಯಿ ತುಂಬ ನೀರು. ನಾನು ಹುಟ್ಟುವ ಮೊದಲೇ ಅವಳಿಗೆ ಕುಷ್ಠ ಬಂದು, ಸರ್ಕಾರದ ಮಾತ್ರೆಯಲ್ಲಿ ವಾಸಿಯಾಗಿತ್ತು. ಅಂಟುವಂಥದ್ದೇನೂ ಉಳಿದಿರಲಿಲ್ಲ, ಊರಿಗೆ ಗೊತ್ತಾಗದ ಹಾಗೆ ಅದನ್ನು ದಾಟಿಕೊಂಡಿದ್ದಳು. ಪಾದಗಳೆರಡು ಮಾತ್ರ ಮರಗಟ್ಟಿದ್ದವು. ಮುಳ್ಳು ಹೊಕ್ಕರೂ ಕೆಂಡ ತುಳಿದರೂ ಅವಳಿಗೆ ತಿಳಿಯುತ್ತಿರಲಿಲ್ಲ. ತಿಂಗಳಿಗೊಮ್ಮೆ ಬರುತ್ತಿದ್ದ ಆಸ್ಪತ್ರೆಯ ಸಿಸ್ಟರು, ಅಜ್ಜಿಯ ಕಾಲಿಗೆ ನೀನೇ ಕಣ್ಣು ಎಂದು ಹೇಳಿ ನನಗೊಂದು ಕೆಲಸ ಕಲಿಸಿದ್ದರು. ದಿನಾ ಸಂಜೆ ಬೋಗುಣಿಯ ನೀರಿನಲ್ಲಿ ಕಾಲು ನೆನೆಸಿ, ಒರಟು ಕಲ್ಲಿನಿಂದ ಉಜ್ಜಿ, ತೇವ ಆರುವ ಮುಂಚೆ ಕೊಬ್ಬರಿ ಎಣ್ಣೆ ಸವರಿ, ಅಂಗಾಲನ್ನು ಬೆಳಕಿಗೆ ಹಿಡಿದು ಗಾಯ ಹುಡುಕಬೇಕು. ಅಜ್ಜಿ ಗೋಡೆಗೊರಗಿ ಕಣ್ಣು ಮುಚ್ಚಿಕೊಂಡು, "ಏನಾರ ಅದಾ ಕೂಸೇ?" ಎನ್ನುವಳು. "ಏನೂ ಇಲ್ಲ ಕಣಜ್ಜಿ" ಎಂದು ನಾನು ದೊಡ್ಡ ಡಾಕ್ಟರ ಗತ್ತಿನಲ್ಲಿ ಹೇಳುತ್ತಿದ್ದೆ.

ನನಗೆ ಹತ್ತು ವರ್ಷವಿದ್ದಾಗ ಸಿಸ್ಟರು ಆ ಚಪ್ಪಲಿ ತಂದುಕೊಟ್ಟರು. ದಪ್ಪ ಕರಿ ಅಟ್ಟೆ, ಅಗಲವಾದ ಎರಡು ಪಟ್ಟಿ, ಹಿಮ್ಮಡಿಗೊಂದು ಬಕಲ್ಲು. ಯೋಜನೆಯನ್ನು ನಾನು ಬಯ್ಯುವುದಿಲ್ಲ, ಆ ಉಪ್ಪು ತಿನ್ನುತ್ತಿರುವವಳು ನಾನು. ಮಾತ್ರೆ ಪುಕ್ಕಟೆ, ಚಪ್ಪಲಿ ಪುಕ್ಕಟೆ, ಸಿಸ್ಟರು ಮನೆ ಬಾಗಿಲಿಗೇ ಬರುತ್ತಿದ್ದರು. ಆದರೆ ನಮ್ಮ ಕಡೆಗೆ ಬರುತ್ತಿದ್ದದ್ದೆಲ್ಲ ಒಂದೇ ನಮೂನೆಯ ಚಪ್ಪಲಿ. ಅದನ್ನು ಮೆಟ್ಟಿದವರ ರೋಗ ಯಾವುದೆಂದು ದೂರದಿಂದಲೇ ತಿಳಿಯುತ್ತಿತ್ತು. ಹಾಗೆ ಆರಿಸಿದವರು ಕೌದಳ್ಳಿಯ ಬೀದಿಯಲ್ಲಿ ಒಂದು ಸಲ ಅದನ್ನು ಹಾಕಿಕೊಂಡು ನಡೆದು ನೋಡಬೇಕಿತ್ತು. ಬಸ್ಸು ನಿಲ್ಲುವಲ್ಲಿ ಭಿಕ್ಷೆಗೆ ಕೂರುತ್ತಿದ್ದ, ಬೆರಳುಗಳಿಲ್ಲದ ಮುದುಕನ ಕಾಲಲ್ಲೂ ಅದೇ ಚಪ್ಪಲಿ ಇತ್ತು. ಅಜ್ಜಿಗೆ ಆ ಯೋಚನೆಯೇ ಬರಲಿಲ್ಲ. ಹೊಸ ಚಪ್ಪಲಿ ಮೆಟ್ಟಿಕೊಂಡು, ಮದುವೆಗೆ ಹೊರಟವಳ ಹಾಗೆ, ನನ್ನನ್ನು ಕರೆಯಲು ಸ್ಕೂಲಿನ ಗೇಟಿಗೆ ಬಂದು ನಿಂತಳು. ಮಾರನೆಯ ದಿನ ಬಿಸಿಯೂಟಕ್ಕೆ ಕೂತಾಗ ನನ್ನ ಪಕ್ಕದ ಹುಡುಗಿ ತಟ್ಟೆ ಎತ್ತಿಕೊಂಡು ಆಚೆ ಸರಿದಳು.

ಅಂದು ಸಂಜೆ ನಾನು ಅಜ್ಜಿಯ ಕಾಲು ಮುಟ್ಟಲಿಲ್ಲ. "ಅದ ಮೆಟ್ಕಂಡು ಸ್ಕೂಲ್ ತಾವ ಬರ್ಬ್ಯಾಡ" ಎಂದೆ. ಯಾಕೆ ಎಂದು ಅವಳು ಕೇಳಲಿಲ್ಲ. "ನರ್ಸಮ್ಮ ಕೇಳುದ್ರೆ ಏನ್ ಏಳ್ಲಿ?" ಎಂದಳು. ನನ್ನ ಬಳಿ ಉತ್ತರ ತಯಾರಾಗಿತ್ತು. ಮಲೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಹರಕೆಯವರು ನಮ್ಮೂರ ರಸ್ತೆಯಲ್ಲೇ ಬರಿಗಾಲಲ್ಲಿ ಸಾಗುತ್ತಿದ್ದರು; ಅವರನ್ನು ತಡೆದು ಯಾಕೆ ಎಂದು ಕೇಳುವವರಿರಲಿಲ್ಲ. "ಮಾದಪ್ಪಂಗೆ ಅರಕೆ ಒತ್ತಿವ್ನಿ, ಚಪ್ಲಿ ಮೆಟ್ಟಂಗಿಲ್ಲ ಅನ್ನು" ಎಂದೆ. ಮುಂದಿನ ಸಲ ಸಿಸ್ಟರು ಬಂದಾಗ ಅಜ್ಜಿ ಆ ಮಾತನ್ನೇ ಹೇಳಿದಳು. ಅವರು ಹೋದ ಮೇಲೆ ಚಪ್ಪಲಿಯನ್ನು ಹಳೆ ಸೀರೆಯ ತುಂಡಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದಳು. ಸ್ಕೂಲಿನ ಹತ್ತಿರ ಬೇಡ, ಹಿತ್ತಲಲ್ಲಾದರೂ ಮೆಟ್ಟಿಕೋ ಎಂದು ನಾನು ಬೇಡಿದೆ. "ದ್ಯಾವ್ರ ಎಸ್ರು ಏಳ್ಬುಟ್ಟಿವ್ನಿ ಕೂಸೇ, ಅದು ಸುಳ್ಳಾಗ್ಬಾರ್ದು" ಎಂದಳು. ನಾನು ಬಾಯಿಗೆ ಬಂದಂತೆ ಆಡಿದ ಮಾತು ಅವಳಿಗೆ ನಿಜವಾದ ಹರಕೆಯಾಗಿಬಿಟ್ಟಿತ್ತು.

ಬೇಸಿಗೆ ಬಂತು. ಟಾರು ಮೆತ್ತಗಾಗುವಂಥ ಬಿಸಿಲು. ಅಜ್ಜಿ ಬರಿಗಾಲಲ್ಲಿ ರಸ್ತೆ ದಾಟಿ ನನ್ನನ್ನು ಕರೆಯಲು ಬರುತ್ತಿದ್ದಳು. ಒಂದು ಸಂಜೆ ಬೆಳಕಿಗೆ ಹಿಡಿದಾಗ ಅವಳ ಬಲಗಾಲಿನ ಅಡಿಯಲ್ಲಿ ಬೊಬ್ಬೆ ಎದ್ದಿತ್ತು. "ಏನಾರ ಅದಾ?" ಎಂದಳು. ನಾನು ಹೇಳಿದೆ, ಅಷ್ಟನ್ನಾದರೂ ಹೇಳಿದೆ. ಸಿಸ್ಟರು ವಾರವಾರವೂ ಬಂದು ಡ್ರೆಸ್ಸಿಂಗ್ ಮಾಡಿದರು. ಗಾಯ ಒಂದಿಷ್ಟು ಕೂಡಿಕೊಳ್ಳುವುದು, ಅಜ್ಜಿ ಬರಿಗಾಲಲ್ಲಿ ಓಡಾಡಿದ ಹಾಗೆ ಮತ್ತೆ ಬಾಯಿ ಬಿಡುವುದು. ಹೀಗೇ ಆದರೆ ಕಾಲು ಉಳಿಯುವುದಿಲ್ಲ ಎಂದು ಕೊನೆಗೆ ಸಿಸ್ಟರು ಅತ್ತೆಯನ್ನು ಕೂರಿಸಿಕೊಂಡು ಹೇಳಿದರು. ಅತ್ತೆ ಅಜ್ಜಿಯ ಮುಂದೆ ಕೈಮುಗಿದಳು. "ಅರಕೆ ಯಾತಕ್ ಒತ್ತಿದ್ದು ಅಂತ ಏಳಿ ಅತ್ತಮ್ಮ. ಮಾದಪ್ಪಂಗೆ ತಪ್ಪುಗಾಣ್ಕೆ ಕಟ್ಬುಟ್ಟು ಬಿಡುಸ್ಕಳವ" ಎಂದಳು. ತಪ್ಪು ಒಪ್ಪಿಕೊಂಡು ಕಾಣಿಕೆ ಕಟ್ಟಿದರೆ ಮಾದಪ್ಪ ಬಿಟ್ಟುಕೊಡುತ್ತಾನೆ, ಇದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಆದರೆ ತಪ್ಪು ಇಂಥದ್ದು ಎಂದು ಬಾಯಿ ಬಿಟ್ಟು ಹೇಳಬೇಕು. ನಾನು ಬೋಗುಣಿ ಹಿಡಿದುಕೊಂಡು ಬಾಗಿಲ ಹಿಂದೆ ನಿಂತಿದ್ದೆ. ಹರಕೆಯೂ ಇಲ್ಲ ಗಿರಕೆಯೂ ಇಲ್ಲ, ನಾನೇ ಹೇಳಿಕೊಟ್ಟದ್ದು ಎಂದರೆ ಸಾಕಿತ್ತು. ಹಾಗೆಂದರೆ ಯಾಕೆ ಹೇಳಿಕೊಟ್ಟೆ ಎಂದು ಕೇಳುತ್ತಾರೆ, ಅಜ್ಜಿಯನ್ನು ಕಂಡು ನಾಚಿದೆ ಎನ್ನಬೇಕಾಗುತ್ತದೆ. ನಾನು ತುಟಿ ಬಿಚ್ಚಲಿಲ್ಲ. ಅಜ್ಜಿ ಒಮ್ಮೆ ಬಾಗಿಲ ಕಡೆ ನೋಡಿ, "ಅದು ನನ್ ಮನ್ಸಿನ್ ಮಾತು. ಯಾರೂ ಕೇಳ್ಬ್ಯಾಡಿ" ಎಂದಳು.

ಮಳೆ ಹಿಡಿಯುವ ಹೊತ್ತಿಗೆ ಗಾಯ ಮೂಳೆಗೆ ಇಳಿದಿತ್ತು. ಅಜ್ಜಿಯನ್ನು ಮೈಸೂರಿನ ದೊಡ್ಡಾಸ್ಪತ್ರೆಗೆ ಸೇರಿಸಿದರು, ಅತ್ತೆ ಜೊತೆಗೆ ಅಲ್ಲೇ ಉಳಿದಳು. ಮನೆಯಲ್ಲಿ ನಾನು, ಮಾವ ಮಾಡಿದ ಸೀದ ಅನ್ನ ಮತ್ತು ಯಾರೂ ಕೂರದ ಆ ಜಗಲಿ. ಸಂಜೆಯಾದರೆ ನನ್ನ ಕೈಗೆ ಮಾಡಲು ಏನೂ ಇರುತ್ತಿರಲಿಲ್ಲ. ಆ ದಿನಗಳ ಒಂಟಿತನ ನನ್ನನ್ನು ಇವತ್ತಿಗೂ ಪೂರ್ತಿ ಬಿಟ್ಟಿಲ್ಲ. ಆಮೇಲೆ ಎಷ್ಟು ಜನರ ನಡುವೆ ಬಾಳಿದರೂ ಒಳಗೊಂದು ಕಡೆ ಹಾಗೇ ಉಳಿದಿದೆ.

ಮಾವ ನನ್ನನ್ನು ಕರೆದೊಯ್ದಾಗ ಅಜ್ಜಿಯ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದಾಗಿತ್ತು. ಹೊದಿಕೆ ಅಲ್ಲಿಂದಾಚೆ ಚಪ್ಪಟೆಯಾಗಿ ಮಲಗಿತ್ತು. ಮಾವ, ಅತ್ತೆ ಔಷಧಿ ತರಲು ಹೋದರು. ಅಜ್ಜಿ ನನ್ನ ಕೈ ಹಿಡಿದು ಹತ್ತಿರಕ್ಕೆಳೆದುಕೊಂಡು, ಪಕ್ಕದ ಮಂಚದವರಿಗೆ ಕೇಳಿಸದ ಹಾಗೆ ಕೇಳಿದಳು.

"ಈಗ್ಲೂ ನಾಚ್ಕೆ ಆಯ್ತದಾ ಕೂಸೇ, ನನ್ ಜೊತೆ ಬರಕೆ?"

ಇಲ್ಲ ಎಂದೆ. ಅದು ನಿಜವಾಗಿತ್ತು. ಅಜ್ಜಿ ಆಮೇಲೆ ಎರಡು ವರ್ಷ ಬದುಕಿದ್ದಳು, ಸ್ಕೂಲಿನ ಗೇಟಿಗೆ ಮಾತ್ರ ಮತ್ತೆ ಬರಲಿಲ್ಲ.