ಬೋಳಾರಕ್ಕೆ ಬಂದ ಬೀಜದ ಮುಡಿ

ಆಗೆಲ್ಲ ಬೋಳಾರದಲ್ಲಿ ಹೊತ್ತು ತಿಳಿಯಬೇಕಾದರೆ ಹಂಚಿನ ಕಾರ್ಖಾನೆಯ ಸೀಟಿಗೆ ಕಿವಿಗೊಡಬೇಕಿತ್ತು. ದಿನಕ್ಕೆ ನಾಲ್ಕು ಸೀಟಿ. ಅಲ್ಲಿಗೆ ಬಂದ ಮೊದಲ ವಾರವೇ ಅದನ್ನು ಎಣಿಸಿ ಬರೆದಿಟ್ಟಿದ್ದೇನೆ. ಆಗ ನನಗೆ ಹತ್ತು ವರ್ಷ. ಊರು ಬಿಡುವಾಗ ಶಾಲೆಯ ಟೀಚರು ಕೊಟ್ಟ ಅರ್ಧ ಖಾಲಿ ಪುಸ್ತಕವೊಂದು ನನ್ನಲ್ಲಿತ್ತು. ಕಂಡದ್ದನ್ನೆಲ್ಲ ಎಣಿಸಿ, ದಿನ ಹಾಕಿ ಅದರಲ್ಲಿ ಬರೆಯುವುದು ನನ್ನ ಅಭ್ಯಾಸ. ಈಗ ನನಗೆ ಇಪ್ಪತ್ತೊಂದು. ಇಲ್ಲಿ ಹೇಳುವ ಹೆಚ್ಚಿನ ಸಂಗತಿ ಆ ಪುಸ್ತಕದಿಂದಲೇ ತೆಗೆದದ್ದು.

ಮೊದಲ ಪುಟ ಅಜ್ಜಿ ಹೇಳಿ ಬರೆಸಿದ್ದು. ಮುತ್ತಜ್ಜನ ಗದ್ದೆ ಚಾರ್ಮಾಡಿ ಘಾಟಿಯ ಬುಡದಲ್ಲಿತ್ತು. ಚಳಿಜ್ವರದಲ್ಲಿ ನಾಲ್ಕು ಮಕ್ಕಳು ಹೋದ ಮೇಲೆ ಉಳಿದವರನ್ನು ಕಟ್ಟಿಕೊಂಡು ಪಡುವಣಕ್ಕೆ ನಡೆದು ಉಪ್ಪಿನಂಗಡಿಗೆ ಬಂದರು. ಅಲ್ಲಿಯ ಗದ್ದೆಯ ಮೇಲೆ ಒಂದು ಆಟಿ ತಿಂಗಳ ಮಳೆಗೆ ನೆರೆ ಬಂದು ಹೊಳೆಯ ಮರಳು ಹೊದೆಸಿತು. ಅಜ್ಜ ಇನ್ನಷ್ಟು ಪಡುವಣಕ್ಕೆ, ಪಾಣೆಮಂಗಳೂರಿಗೆ ಬಂದ. ನಾನು ಹುಟ್ಟಿದ್ದು ಅಲ್ಲಿ. ಆ ಗದ್ದೆಯ ಮಣ್ಣನ್ನೇ ಧಣಿಗಳು ಹಂಚಿನ ಕಾರ್ಖಾನೆಗೆ ಕೊಟ್ಟುಬಿಟ್ಟರು. ಕೊಯ್ಲು ಮುಗಿದ ಮರುದಿನದಿಂದಲೇ ಅಗೆದರು, ಅಪ್ಪನ ಎದೆಯ ಎತ್ತರಕ್ಕೆ. ಮಣ್ಣು ದೋಣಿಯಲ್ಲಿ ನೇತ್ರಾವತಿಯ ಮೇಲೆ ಪಡುವಣಕ್ಕೆ ಹೋಯಿತು. ಹದಿನೆಂಟು ದಿನದ ಮೇಲೆ ನಾವೂ ಹೋದೆವು. ಅಪ್ಪನಿಗೆ ಅದೇ ಮಣ್ಣಿನ ದೋಣಿಯಲ್ಲಿ ಕೆಲಸ ಸಿಕ್ಕಿತು.

ಪ್ರತಿ ಸಲ ಊರು ಬಿಡುವಾಗಲೂ ನಮ್ಮವರು ಬಿಡದೆ ತಂದದ್ದು ಒಂದೇ, ಬೀಜದ ಭತ್ತ. ಬೈಹುಲ್ಲಿನ ಒಳಗೆ ತುಂಬಿ, ಹುಲ್ಲಿನದೇ ಹಗ್ಗ ಸುತ್ತಿ, ಕುಂಬಳಕಾಯಿಯ ಹಾಗೆ ಉರುಟು ಮಾಡಿ ಬಿಗಿದ ಮುಡಿ. ಹೋದಲ್ಲೆಲ್ಲ ಜನ ಅದನ್ನು ‘ಮೂಡಾಯಿ ಭತ್ತ’ ಎಂದರು, ಮೂಡಣದಿಂದ ಬಂದದ್ದೆಂದು. ಅಜ್ಜಿ ಮಾತ್ರ ‘ನಮ್ಮ ಬೀಜ’ ಎನ್ನುತ್ತಿದ್ದಳು. ಭತ್ತದ ಬೀಜ ಒಂದು ಮಳೆಗಾಲದವರೆಗೆ ಕಾಯುತ್ತದೆ. ಬಿತ್ತದಿದ್ದರೆ ಅದರಲ್ಲಿ ಜೀವ ಉಳಿಯುವುದಿಲ್ಲ.

ನಮಗೆ ಸಿಕ್ಕಿದ್ದು ಕಾರ್ಖಾನೆಯ ಭಟ್ಟಿಗೆ ತಾಗಿಕೊಂಡ ಸಾಲುಮನೆಯ ಕೊನೆಯ ಕೋಣೆ. ಹಸಿ ಜೇಡಿಮಣ್ಣು, ಕಟ್ಟಿಗೆಯ ಹೊಗೆ, ಪಕ್ಕದ ಅಂಗಳದ ಒಣಮೀನು, ಎಲ್ಲ ವಾಸನೆಯೂ ಒಟ್ಟಿಗೆ ಒಳಗೆ ಬರುತ್ತಿತ್ತು. ಕುಂಟಾಬಿಲ್ಲೆ ಆಡಲು ಒಡೆದ ಹಂಚಿನ ಚೂರಿಗೆ ಬರವಿರಲಿಲ್ಲ. ಪಕ್ಕದ ಮನೆಯ ಸಿಸಿಲಿಬಾಯಿ ಕಾರ್ಖಾನೆಯಲ್ಲಿ ಹಸಿ ಹಂಚು ಜೋಡಿಸುವವಳು. ಅಜ್ಜಿ ಮುಡಿ ಹೊತ್ತು ಬರುವುದನ್ನು ಕಂಡು ಅವಳು ನಕ್ಕಳು.

“ಎಂತ ಮಾರಾಯ್ತಿ, ಇಡೀ ಗದ್ದೆಯನ್ನೇ ಹೊತ್ಕೊಂಡು ಬಂದದ್ದಾ?”

“ಗದ್ದೆ ನಿಮ್ಮ ಕಾರ್ಖಾನೆಯವರು ಮೊದಲೇ ತಂದಾಗಿದೆ. ಉಳಿದದ್ದು ನಾನು ತಂದೆ,” ಎಂದಳು ಅಜ್ಜಿ.

ಕೋಣೆಯ ಹಿಂದಿನ ಗೋಡೆ ಭಟ್ಟಿಯದ್ದೇ. ಕೈಯಿಟ್ಟರೆ ಬಿಸಿ. ಒದ್ದೆ ಸೀರೆ ಆ ಗೋಡೆಯ ಬಳಿ ಒಂದು ಸೀಟಿಯಿಂದ ಇನ್ನೊಂದು ಸೀಟಿಯೊಳಗೆ ಒಣಗುತ್ತಿತ್ತು. ಅಮ್ಮನಿಗೆ ಅದೊಂದು ಸಮಾಧಾನ. ಅಜ್ಜಿಗೆ ಕಣ್ಣಿಗೆ ಪೊರೆ ಬಂದಿತ್ತು. ಅವಳು ಎರಡೂ ಅಂಗೈಗಳಿಂದ ಗೋಡೆಯನ್ನು ಮೇಲಿನಿಂದ ಕೆಳಗೆ ತಡವಿ ನೋಡಿದಳು.

“ಇಲ್ಲಿ ತೇವ ಇಲ್ಲ, ಮುಗ್ಗಲು ಬರಲಿಕ್ಕಿಲ್ಲ. ಮುಡಿಗೆ ಇದಕ್ಕಿಂತ ಒಳ್ಳೆ ಜಾಗ ಎಲ್ಲಿ ಉಂಟು?” ಎಂದಳು.

ಅಪ್ಪ ಗೋಡೆಗೆ ತಾಗಿಸಿ ಹಲಗೆ ಹೊಡೆದ. ಜೀವಮಾನವಿಡೀ ಅಜ್ಜಿ ಬೀಜವನ್ನು ಕಾದದ್ದು ತೇವದಿಂದ. ನಮ್ಮ ಮನೆತನದಲ್ಲಿ ಯಾರಿಗೂ ಇನ್ನೊಂದು ಭಯ ಗೊತ್ತಿರಲಿಲ್ಲ. ಮುಡಿ ಆ ಹಲಗೆಯ ಮೇಲೆ ನೂರ ಮೂವತ್ತೇಳು ದಿನ ಇತ್ತು.

ಬಿಸು ಹಬ್ಬಕ್ಕೆ ಮುಂಚಿನ ವಾರ ಅಪ್ಪ ಒಂದು ಸುದ್ದಿ ತಂದ. ನದಿಯ ನಡುವಿನ ಒಂದು ಕುದ್ರುವಿನಲ್ಲಿ ಗೇಣಿಗೆ ಗದ್ದೆ ಬಿಟ್ಟಿದ್ದರು. ಧಣಿಗಳ ಶಾನುಭೋಗರು ನಮ್ಮ ಅಂಗಳಕ್ಕೇ ಬಂದು ಮಾತಾಡಿದರು.

“ಎತ್ತು ಧಣಿಗಳು ಕೊಡ್ತಾರೆ. ಬೀಜ ನಿಮ್ಮದೇ ಆಗ್ಬೇಕು. ಬೀಜ ಇಲ್ಲದವರಿಗೆ ಗದ್ದೆ ಇಲ್ಲ. ಬಿಸು ಕಳೆದು ಐದನೇ ದಿನ ಬರ್ತೇನೆ, ಹೌದು ಅಥವಾ ಅಲ್ಲ ಹೇಳಿ.”

“ಬೀಜ ಉಂಟು. ಮೂರು ತಲೆಮಾರಿನ ಬೀಜ,” ಎಂದಳು ಅಜ್ಜಿ.

ಅವರು ಹೋದ ಮೇಲೆ ಅಪ್ಪ ಅಜ್ಜಿಗೆ ಹೇಳಿದ, “ಅಮ್ಮಾ, ಮೊದಲು ಮೊಳಕೆ ನೋಡುವ. ನೂರರಲ್ಲಿ ಅರುವತ್ತು ಬಂದ್ರೆ ಆ ಗದ್ದೆಯಲ್ಲಿ ನೆಡಲಿಕ್ಕೆ ಸಾಕಾಗುವಷ್ಟು ನೇಜಿ ಆಗ್ತದೆ, ಹೋಗುವ. ಬರದಿದ್ರೆ ಕಾರ್ಖಾನೆಯಲ್ಲಿ ಹೆಸರು ಕಾಯಂ ಮಾಡಿಸ್ತೇನೆ. ಮತ್ತೆ ಆ ಮಾತು ಬೇಡ.”

“ಅರುವತ್ತಾ? ತೊಂಬತ್ತಕ್ಕೆ ಕಡಿಮೆ ಬಂದದ್ದನ್ನು ನಾನು ನೋಡಿಯೇ ಇಲ್ಲ. ಎಣಿಸುವುದು ಇವಳು. ನೀನೂ ಬೇಡ, ನಾನೂ ಬೇಡ.”

ಹಿಂದಿನ ವರ್ಷ ಪಾಣೆಮಂಗಳೂರಿನಲ್ಲಿ ಎಣಿಸಿದವಳೂ ನಾನೇ. ನೂರರಲ್ಲಿ ತೊಂಬತ್ತನಾಲ್ಕು. ಪುಸ್ತಕ ಸಿಕ್ಕಿದ ಮೇಲೆ ಅದನ್ನೂ ಬರೆದಿಟ್ಟಿದ್ದೆ.

ಮುಡಿಯ ಹೊಟ್ಟೆಯಿಂದ ಒಂದು ಹಿಡಿ ತೆಗೆದು ಅಜ್ಜಿ ನನ್ನ ಮಡಿಲಿಗೆ ಹಾಕಿದಳು. ನಾನು ನೂರು ಕಾಳು ಎಣಿಸಿ ಹಳೆಯ ಪಂಚೆಯ ತುಂಡಿನಲ್ಲಿ ಕಟ್ಟಿದೆ. ಒಂದು ರಾತ್ರಿ ನೀರಿನಲ್ಲಿ, ಆಮೇಲೆ ಮೂರು ದಿನ ಒದ್ದೆ ಗೋಣಿಯ ಅಡಿಯಲ್ಲಿ. ಬೋಳಾರದ ಬಾವಿಯ ನೀರು ಉಪ್ಪೆಂದು ಅಜ್ಜಿ ಅಮ್ಮನನ್ನು ದೇವಸ್ಥಾನದ ಕಡೆಯ ಬಾವಿಗೆ ಓಡಿಸಿದಳು. ನಾಲ್ಕನೆಯ ದಿನ ಎರಡನೆಯ ಸೀಟಿ ಆದ ಮೇಲೆ ನಾನು ಅಂಗಳದಲ್ಲಿ ಕುಳಿತು ಗಂಟು ಬಿಚ್ಚಿದೆ. ಮೊಳಕೆ ಬಂದದ್ದನ್ನು ಬಲಕ್ಕೆ, ಬಾರದ್ದನ್ನು ಎಡಕ್ಕೆ ಇಟ್ಟೆ. ಬಲಕ್ಕೆ ಒಂಬತ್ತು.

ಅಜ್ಜಿ ಬಾಗಿಲಲ್ಲಿ ಕುಳಿತಿದ್ದಳು. “ಎಷ್ಟು ಮಗಾ?”

“ಒಂಬತ್ತು.”

“ತೊಂಬತ್ತಾ?”

“ಅಲ್ಲ ಅಜ್ಜಿ. ಒಂಬತ್ತು.”

“ಇನ್ನೊಮ್ಮೆ ಎಣಿಸು.”

ಎಣಿಸಿದೆ. ಅಷ್ಟೇ ಇತ್ತು. ಅವಳು ಮೊಣಕಾಲೂರಿ ಅಂಗಳಕ್ಕೆ ಇಳಿದು ಎಡಗಡೆಯ ಕಾಳುಗಳನ್ನು ಒಂದೊಂದಾಗಿ ಬೆರಳ ತುದಿಯಲ್ಲಿ ಒತ್ತಿ ನೋಡಿದಳು. ಬಹಳ ಹೊತ್ತು ಹಿಡಿಯಿತು. ಮೂರನೆಯ ಸೀಟಿ ಆಯಿತು.

ಅರುವತ್ತೆರಡು ಎಂದು ಹೇಳಬಹುದಿತ್ತೆಂದು ನನಗೆ ಆಗ ಹೊಳೆಯಲೇ ಇಲ್ಲ. ಅದು ಒಳ್ಳೆಯತನವೇನೂ ಅಲ್ಲ. ನನ್ನ ಎಣಿಕೆ ಸರಿ ಎಂಬುದಷ್ಟೇ ನನಗೆ ಮುಖ್ಯವಾಗಿತ್ತು.

ಸಂಜೆ ಸಿಸಿಲಿಬಾಯಿ ಬಂದು ಹಲಗೆಯನ್ನೂ ಗೋಡೆಯನ್ನೂ ನೋಡಿದಳು. “ಅಯ್ಯೋ ಅಮ್ಮಾ, ಇಂಥದೇ ಗೋಡೆಗೆ ತಾಗಿಸಿ ನಾನೊಮ್ಮೆ ಕೋಳಿಯನ್ನು ಕಾವಿಗೆ ಕೂರಿಸಿದ್ದೆ. ಹನ್ನೊಂದು ಮೊಟ್ಟೆ. ಒಂದೂ ಒಡೆಯಲಿಲ್ಲ. ಬಿಸಿಗೆ ಒಳಗೇ ಬೆಂದಿತ್ತು.”

“ಮೊದಲೇ ಹೇಳ್ಬಾರದಿತ್ತಾ?” ಎಂದಳು ಅಜ್ಜಿ.

“ನೀವು ಇಟ್ಟದ್ದು ಮೊಟ್ಟೆ ಅಲ್ವಲ್ಲ!”

ಅಪ್ಪ ದೋಣಿಯಿಂದ ಬಂದು ಕೈಕಾಲಿನ ಮಣ್ಣು ತೊಳೆಯುತ್ತಿದ್ದ. ನಾನು ಸಂಖ್ಯೆ ಹೇಳಿದೆ. “ಆಯ್ತು,” ಎಂದ. ಇನ್ನೊಂದು ಚೊಂಬು ನೀರು ತೆಗೆದುಕೊಂಡು ಮತ್ತೆ ಕಾಲು ತೊಳೆದ. ಶಾನುಭೋಗರು ಹೇಳಿದ ದಿನವೇ ಬಂದರು. ಅವರಿಗೆ ಉತ್ತರ ಕೊಟ್ಟದ್ದು ಅಮ್ಮ. ಅಪ್ಪ ಕೆಲಸದಲ್ಲಿದ್ದ, ಅಜ್ಜಿ ಒಳಗೆ ಮಲಗಿದ್ದಳು.

ಆ ಒಂಬತ್ತು ಮೊಳಕೆಗಳನ್ನು ಅಜ್ಜಿ ಒಡೆದ ಮಡಕೆಯಲ್ಲಿ ಊರಿದಳು. ಐದನೆಯ ದಿನ ಸಿಸಿಲಿಬಾಯಿಯ ಕೋಳಿ ಕೆದಕಿ ಹಾಕಿತು. ಅಜ್ಜಿ ಕೋಳಿಯನ್ನು ಬೈಯಲಿಲ್ಲ. ಮರುದಿನ ಮುಡಿಯ ಹಗ್ಗ ಬಿಚ್ಚಿ, “ಕುಟ್ಟು,” ಎಂದು ಅಮ್ಮನಿಗೆ ಹೇಳಿದಳು. ಬೀಜದ ಭತ್ತವನ್ನು ನಮ್ಮ ಮನೆಯಲ್ಲಿ ಅದಕ್ಕೆ ಮೊದಲು ಕುಟ್ಟಿರಲಿಲ್ಲ. ಗಂಜಿ ಇಪ್ಪತ್ತಾರು ದಿನ ಬಂತು, ನಾಲ್ಕು ಜನಕ್ಕೆ, ಎರಡು ಹೊತ್ತು. ನಾನು ದಿನವೂ ಗೀಟು ಹಾಕಿದ್ದೇನೆ.

ಯುದ್ಧದ ವರ್ಷಗಳಲ್ಲಿ ರೇಷನ್ ಬಂತು. ಕಾರ್ಡು ಬರೆಯುವವರು ಸಾಲುಮನೆಗೆ ಬಂದಾಗ ಮನೆಯಲ್ಲಿದ್ದದ್ದು ಅಜ್ಜಿ ಮತ್ತು ನಾನು.

“ಬೇಸಾಯ ಉಂಟಾ? ಮನೆಯಲ್ಲಿ ಭತ್ತ ಉಂಟಾ?”

“ಇಲ್ಲ,” ಎಂದೆ ನಾನು.

“ಒಳ್ಳೆದಾಯ್ತು. ಹಾಗಾದ್ರೆ ಪೂರ್ತಿ ಅಕ್ಕಿ ಸಿಗ್ತದೆ,” ಎಂದು ಅವರು ಬರೆದುಕೊಂಡರು.

ಮೊದಲ ರೇಷನ್ ಅಕ್ಕಿಯ ಗಂಜಿ ಬಡಿಸಿದ ದಿನ ಅಜ್ಜಿ ಎರಡು ಗುಟುಕು ಕುಡಿದು ಬಟ್ಟಲು ಕೆಳಗಿಟ್ಟಳು. ಅವಳಿಗೆ ಆಗ ಕಣ್ಣು ಪೂರ್ತಿ ಹೋಗಿತ್ತು.

“ಇದಕ್ಕೆ ಗೋಣಿಯ ವಾಸನೆ. ನಮ್ಮದರ ರುಚಿ ನಿನಗೆ ನೆನಪುಂಟಾ ಮಗಾ?”

“ಉಂಟು ಅಜ್ಜಿ,” ಎಂದೆ.

ಅವಳು ತಲೆಯಾಡಿಸಿ ಬಟ್ಟಲು ಎತ್ತಿಕೊಂಡಳು. ಅವಳು ಹೋಗಿ ಈಗ ನಾಲ್ಕು ವರ್ಷ. ಮೂಡಾಯಿ ಭತ್ತವನ್ನು ಬೆಳೆಯುವವರು ಪಾಣೆಮಂಗಳೂರಿನಲ್ಲೂ ಉಪ್ಪಿನಂಗಡಿಯಲ್ಲೂ ಯಾರೂ ಇಲ್ಲ. ಹೋಗಿ ಕೇಳಿ ಬಂದಿದ್ದೇನೆ, ಹದಿನಾಲ್ಕು ಮನೆ. ಪುಸ್ತಕದ ಆ ಇಪ್ಪತ್ತಾರು ದಿನಗಳ ಪುಟಗಳನ್ನು ಮತ್ತೆ ಮತ್ತೆ ನೋಡಿದ್ದೇನೆ. ಎಷ್ಟು ಸೌಟು, ಯಾರಿಗೆ, ಯಾವ ಸೀಟಿಗೆ ಎಂಬುದೆಲ್ಲ ಇದೆ. ಅಕ್ಕಿ ಕೆಂಪೋ ಬಿಳಿಯೋ ಎಂದು ಬರೆದಿಲ್ಲ. ರುಚಿಯಂತೂ, ಅಜ್ಜಿಗೆ ‘ಉಂಟು’ ಎಂದ ದಿನವೂ ನನಗೆ ನೆನಪಿರಲಿಲ್ಲ.